ಬಲಕ್ಕೆ ತಿರುಗಿಸಿದರೆ ತೆರೆಯುವ ತಂಬಿಗೆ

ನನ್ನ ಬಾಲ್ಯವೆಂದರೆ ನವಸಾಗರದ ಹೊಗೆಯ ವಾಸನೆ. ಕೆಂಡದ ಮೇಲೆ ಕಾದ ಪಾತ್ರೆಯೊಳಗೆ ಒಂದು ಚಿಟಿಕೆ ನವಸಾಗರದ ಪುಡಿ ಹಾಕಿ, ತವರದ ಕಡ್ಡಿ ಮುಟ್ಟಿಸಿ, ಅರಳೆಯಿಂದ ಗರಗರ ತಿಕ್ಕಿದರೆ ಬಿಳಿಯ ಹೊಗೆ ಏಳುತ್ತದೆ. ಆ ವಾಸನೆಗೆ ಮೂಗು ಉರಿಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಹೊಗೆ ಸರಿದ ಮೇಲೆ ನೋಡಿದರೆ ಪಾತ್ರೆಯ ಒಳಗು ಬೆಳ್ಳಗೆ ಹೊಳೆಯುತ್ತಿರುತ್ತದೆ. ಕಲಾಯಿ ಹಾಕುವುದು ಎಂದರೆ ಅದೇ. ನನ್ನ ಕಣ್ಣು ತೆರೆದದ್ದು ಆ ಹೊಗೆಯೊಳಗೆ.

ನಾನು ಒಂದು ಹಿತ್ತಾಳೆಯ ತಂಬಿಗೆ. ಸಾದಾ ತಂಬಿಗೆಯಲ್ಲ, ಫಿರಕಿ ತಂಬಿಗೆ. ನಮ್ಮ ಕಡೆ ದೂರದ ಪ್ರಯಾಣಕ್ಕೆ ಹೋಗುವವರು ತಿರುಗಿಸಿ ಬಿಗಿಯುವ ಮುಚ್ಚಳವಿರುವ ಇಂಥ ತಂಬಿಗೆಯಲ್ಲಿ ಮನೆಯ ನೀರು ತುಂಬಿಕೊಂಡು ಹೋಗುತ್ತಿದ್ದರು. ನನ್ನೊಳಗೆ ಸರಿಯಾಗಿ ಒಂದು ಲೀಟರ್ ನೀರು ಹಿಡಿಯುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನನ್ನನ್ನು ಮಾಡಿದವನು ಗದಗಿನ ಪಾತ್ರೆ ಅಂಗಡಿಗಳ ಓಣಿಯ ತುಕಾರಾಮ. ಅವನು ಎಡಗೈಯವ. ಕುತ್ತಿಗೆಗೆ ಫಿರಕಿಯ ಸುರುಳಿಗೆರೆ ಕೊರೆಯುವ ಕೆಲಸ ಯಾವಾಗಲೂ ಅವನ ಅಣ್ಣನದು. ಆ ವಾರ ಅಣ್ಣ ಊರಲ್ಲಿರಲಿಲ್ಲ. ತುಕಾರಾಮ ತಾನೇ ಕೊರೆದ. ತನ್ನ ಕೈಗೆ ಹೇಗೆ ಸಲೀಸೋ ಹಾಗೆ ಕೊರೆದ. ಲೋಕದ ಎಲ್ಲ ಮುಚ್ಚಳಗಳೂ ಎಡಕ್ಕೆ ತಿರುಗಿಸಿದರೆ ತೆರೆಯುತ್ತವೆ. ನನ್ನದು ಎಡಕ್ಕೆ ತಿರುಗಿಸಿದಷ್ಟೂ ಬಿಗಿಯುತ್ತದೆ, ಬಲಕ್ಕೆ ತಿರುಗಿಸಿದರೆ ತೆರೆಯುತ್ತದೆ.

ಅಣ್ಣ ಬಂದು ನೋಡಿ ಹಣೆ ಬಡಿದುಕೊಂಡ. "ಏನ ಮಾಡಿಟ್ಟೀಯೋ ತುಕ್ಯಾ? ಇದನ್ನ ಯಾವ ಗಿರಾಕಿ ತೆಗದಾನು?"

"ಗಿರಾಕಿಗೆ ತೆಗಿಯಾಕ ಬರೂದಿಲ್ಲಂದ್ರ ಕಳ್ಳಗೂ ಬರೂದಿಲ್ಲ ಬಿಡು," ಎಂದ ತುಕಾರಾಮ. ಆಮೇಲೆ ನನ್ನೊಳಗೆ ನೀರು ತುಂಬಿ, ಮುಚ್ಚಳ ಬಿಗಿದು, ಒಣ ಬೂದಿಯ ಮೇಲೆ ಬೋರಲು ಹಾಕಿಟ್ಟ. ಊಟ ಮಾಡಿ ಬಂದು ಎತ್ತಿ ನೋಡಿದ. ಬೂದಿ ಒಣಗಿದ್ದಂತೆಯೇ ಇತ್ತು. ನನ್ನ ಹೊಟ್ಟೆಯನ್ನು ಒಮ್ಮೆ ತಟ್ಟಿ ಕಪಾಟಿನಲ್ಲಿಟ್ಟ. ನನ್ನ ಜೀವನದ ಮೊದಲ ಶಹಬ್ಬಾಸ್ ಅದು.

ಬಂದವರೆಲ್ಲ ನನ್ನನ್ನು ತಿರುಚಿ, ತೆಗೆಯಲಾಗದೆ, ಕೆಳಗಿಟ್ಟು ಹೋದರು. ಮಳೆಗಾಲದ ಒಂದು ಬೆಳಿಗ್ಗೆ ಬೆಟಗೇರಿಯ ನೇಕಾರರ ಮನೆಯ ಈರವ್ವ ಬಂದಳು. ಅವಳ ಗಂಡ ಸೊಲ್ಲಾಪುರದ ಗಿರಣಿಯಲ್ಲಿದ್ದ. ಅಲ್ಲಿ ಕಾಲರಾ ಬಿದ್ದಿದೆ ಎಂದು ಸುದ್ದಿ ಬಂದಿತ್ತು. ಗಂಡನನ್ನು ಕರೆತರಲು ಅವಳು ಹೊರಟಿದ್ದಳು. ತುಕಾರಾಮ ನನ್ನ ದೋಷವನ್ನು ಮುಚ್ಚಿಡದೆ ಹೇಳಿದ. ಈರವ್ವ ಒಂದು ಸಲ ಬಲಕ್ಕೆ ತಿರುಗಿಸಿ ನೋಡಿ, "ಇದ ಇರಲಿ. ಎಲ್ಲಾರಿಗೂ ತೆಗಿಯಾಕ ಬಂದ್ರ ರೈಲಿನಾಗ ಎಲ್ಲಾರ ಕೈನೂ ಇದರಾಗ ಇರ್ತಾವು," ಎಂದಳು.

ಹೀಗೆ ನನ್ನ ದೋಷವೇ ನನಗೆ ಮನೆ ಕೊಡಿಸಿತು.

ಈರವ್ವನ ಕಟ್ಟಳೆ ಎರಡೇ. ನೀರು ಕುದಿಸಿ ಆರಿಸಿದ್ದಾಗಿರಬೇಕು. ಯಾರೇ ಕುಡಿದರೂ ಎತ್ತಿ ಕುಡಿಯಬೇಕು, ತುಟಿ ಹಚ್ಚಬಾರದು. ಕತ್ತು ಹಿಂದಕ್ಕೆ ಬಾಗಿಸಿ, ನನ್ನನ್ನು ಒಂದು ಗೇಣು ಮೇಲೆ ಹಿಡಿದು, ಬಾಯಿಗೆ ನೀರಿನ ಧಾರೆ ಬಿಟ್ಟುಕೊಳ್ಳುವುದು. ಅದು ಅವಳ ಮನೆಯ ಮಕ್ಕಳೆಲ್ಲ ನಡೆಯುವುದಕ್ಕಿಂತ ಸ್ವಲ್ಪವೇ ತಡವಾಗಿ ಕಲಿಯುತ್ತಿದ್ದ ವಿದ್ಯೆ.

ಆ ಪ್ರಯಾಣದಲ್ಲಿ ನಾನು ಕಂಡ ಒಂದು ಸಂಗತಿ ಹೇಳಲೇಬೇಕು. ಒಂದು ನಿಲ್ದಾಣದಲ್ಲಿ ನೀರಿನವನು ಕೊಡದಿಂದ ಎಲ್ಲರ ಲೋಟಕ್ಕೂ ನೀರು ಹಾಕುತ್ತಿದ್ದ. ಒಬ್ಬ ಹೆಂಗಸು ಬಂದಾಗ ಮಾತ್ರ ಲೋಟ ಕೊಡದೆ, ಆಕೆಯನ್ನು ಕೆಳಗೆ ಕೂರಿಸಿ, ಎದೆಯೆತ್ತರದಿಂದ ಬೊಗಸೆಗೆ ಸುರಿದ. ಅರ್ಧ ನೀರು ಆಕೆಯ ಸೀರೆಯ ಮೇಲೆ ಬಿತ್ತು. ಅದು ರೋಗದ ಭಯವಲ್ಲ, ಜಾತಿಯ ಲೆಕ್ಕ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಈರವ್ವ ನನ್ನನ್ನು ಹಿಡಿದುಕೊಂಡು ಇಳಿದುಹೋಗಿ ಆಕೆಯ ಎದುರು ನೆಲದ ಮೇಲೆಯೇ ಕೂತಳು. ಆಕೆಯ ಬೊಗಸೆಗೆ ಒಂದು ಗೇಣಿನಿಂದ ನೀರು ಬಿಟ್ಟಳು. ಆಕೆಗೆ ಸಾಕಾದ ಮೇಲೆ ನನ್ನನ್ನು ಆಕೆಯ ಕೈಗೇ ಕೊಟ್ಟು, "ಈಗ ನೀ ನನಗ ಹಾಕವಾ," ಎಂದು ತನ್ನ ಬೊಗಸೆ ಒಡ್ಡಿದಳು. ಆ ಹೆಂಗಸು ಎರಡೂ ಕೈಯಿಂದ ನನ್ನನ್ನು ಹಿಡಿದು ಬಗ್ಗಿಸಿದಳು. ಒಂದು ಹನಿಯೂ ಚೆಲ್ಲಲಿಲ್ಲ.

ಈರವ್ವ ಗಂಡನನ್ನು ಕರೆದುಕೊಂಡು ಬಂದಳು. ಇಬ್ಬರಿಗೂ ಏನೂ ಆಗಲಿಲ್ಲ. ಆಮೇಲೆ ನಾನು ಸೊಸೆ ನೀಲಗಂಗವ್ವನ ಕೈಗೆ ಬಂದೆ. ಮಗ್ಗದ ಕುಣಿಯ ಪಕ್ಕ ನಲವತ್ತು ವರ್ಷ ಕೂತು, ಲಾಳಿ ಓಡಾಡುವ ಸದ್ದು ಕೇಳಿದೆ. ನೀಲಗಂಗವ್ವನಿಗೆ ಇಬ್ಬರು ಮಕ್ಕಳು. ಅಕ್ಕ ದಾನಮ್ಮ, ಅವಳಿಗಿಂತ ಒಂಬತ್ತು ವರ್ಷ ಚಿಕ್ಕವನು ರುದ್ರಪ್ಪ. ದಾನಮ್ಮ ಬಿ.ಎ. ಎರಡನೆಯ ವರ್ಷಕ್ಕೆ ಓದು ಬಿಟ್ಟು ಮದುವೆಯಾಗಿ, ಬೇಗ ಗಂಡನನ್ನು ಕಳೆದುಕೊಂಡು, ಬೆಟಗೇರಿಯ ಶಾಲೆಯೊಂದರಲ್ಲಿ ಬಿಸಿಯೂಟದ ಮುಖ್ಯ ಅಡುಗೆಯವಳಾದಳು. ರುದ್ರಪ್ಪ ಮಗ್ಗ ರಿಪೇರಿಯ ಕೆಲಸ ಕಲಿತು ಅಹಮದಾಬಾದಿನ ಒಂದು ಗಿರಣಿಗೆ ಹೋಗಿ, ಅಲ್ಲಿಯೇ ಸಂಸಾರ ಹೂಡಿದ. ಪ್ಲಾಸ್ಟಿಕ್ ಬಾಟಲಿಗಳು ಬಂದ ಮೇಲೆ ನನ್ನನ್ನು ಅಟ್ಟಕ್ಕೆ ಏರಿಸಿದರು. ಅಲ್ಲಿ ನಾನು ಕಪ್ಪಗಾದೆ.

ನನ್ನನ್ನು ಅಟ್ಟದಿಂದ ಇಳಿಸಿದ್ದು ಒಂದು ಫೋನು.

ರುದ್ರಪ್ಪನ ಎರಡೂ ಮೂತ್ರಪಿಂಡಗಳು ಕೈಬಿಟ್ಟು ನಾಲ್ಕು ವರ್ಷವಾಗಿತ್ತು. ವಾರಕ್ಕೆ ಮೂರು ಸಲ ಡಯಾಲಿಸಿಸ್. ದಿನಕ್ಕೆ ಒಂದು ಲೀಟರಿಗಿಂತ ಕಡಿಮೆ ನೀರು, ಅದರಲ್ಲಿಯೇ ಚಹಾ, ಸಾರು, ಔಷಧ ಎಲ್ಲ ಸೇರಬೇಕು. ಸೂಜಿ ಚುಚ್ಚುವ ನರಗಳು ಒಂದೊಂದಾಗಿ ಕಟ್ಟಿಹೋಗುತ್ತಿದ್ದವು. ಅಕ್ಕನ ಮೂತ್ರಪಿಂಡ ಹೊಂದುತ್ತದೆ ಎಂದು ಪರೀಕ್ಷೆಯಲ್ಲಿ ಗೊತ್ತಾಗಿತ್ತು. ಆಪರೇಷನ್ನಿಗೆ ದಿನ ಗೊತ್ತಾಗುವಷ್ಟರಲ್ಲಿ ಕೊರೊನಾ ಬಂದು ಎಲ್ಲ ನಿಂತಿತು. ಈಗ, ವಿಮಾನಗಳು ಮತ್ತೆ ಹಾರತೊಡಗಿದ ಚಳಿಗಾಲದಲ್ಲಿ, ಆಸ್ಪತ್ರೆ ಮತ್ತೆ ದಿನ ಕೊಟ್ಟಿತ್ತು. ಒಂದೇ ಷರತ್ತು. ದಾನಮ್ಮ ಜ್ವರವಿಲ್ಲದೆ ಬರಬೇಕು, ಬಂದು ಏಳು ದಿನ ಒಬ್ಬಳೇ ಇರಬೇಕು, ಎರಡು ಸಲ ಪರೀಕ್ಷೆಯಲ್ಲಿ ರೋಗವಿಲ್ಲವೆಂದು ಬರಬೇಕು. ಈ ದಿನ ತಪ್ಪಿದರೆ ಮುಂದಿನದು ಯಾವಾಗಲೋ. ಅಲ್ಲಿಯವರೆಗೆ ರುದ್ರಪ್ಪನ ನರಗಳು ತಾಳುತ್ತವೆ ಎಂದು ಯಾವ ಡಾಕ್ಟರೂ ಹೇಳಲಿಲ್ಲ.

"ಅಕ್ಕಾ, ಬರೂಮುಂದ ಆಯಿಯ ಫಿರಕಿ ತಂಬಗಿ ತಗೊಂಡ ಬಾ," ಎಂದ ರುದ್ರಪ್ಪ ಫೋನಿನಲ್ಲಿ.

"ಯಾಕೋ? ಅದು ಅಟ್ಟದ ಮ್ಯಾಲ ಬಿದ್ದೈತಿ."

"ಎಲ್ಲಾ ಸರಿ ಆದ ಮ್ಯಾಲ ಅದರ ತುಂಬ ನೀರ ಕುಡೀಬೇಕಂತ ಆಶಾ ಐತಿ. ಒಂದ ಸಲಕ್ಕ. ಎತ್ತಿ."

ದಾನಮ್ಮ ಫೋನು ಕೆಳಗಿಟ್ಟಳು. ಅಟ್ಟದ ಏಣಿ ಕಿರುಗುಟ್ಟಿದ್ದು ಕೇಳಿತು. ಮರುದಿನ ಅವಳು ಊರೆಲ್ಲ ಹುಡುಕಿ, ಕಲಾಯಿ ಹಾಕುವ ಒಬ್ಬ ಮುದುಕನನ್ನು ಪತ್ತೆಮಾಡಿದಳು. ಮತ್ತೆ ಆ ಹೊಗೆ, ಆ ವಾಸನೆ. ಅರವತ್ತೆಂಟು ವರ್ಷದ ಮೇಲೆ ನಾನು ಎರಡನೆಯ ಸಲ ಹುಟ್ಟಿದೆ.

ದಾನಮ್ಮನಿಗೆ ವಿಮಾನ ಹೊಸದು. ಆದರೆ ದಿನಕ್ಕೆ ನೂರ ಎಂಬತ್ತು ಮಕ್ಕಳಿಗೆ ಬಡಿಸುವವಳಿಗೆ ಕೈ ತೊಳೆಯುವುದು ಹೊಸದಲ್ಲ. ಎರಡು ಮಾಸ್ಕು, ಸಾಬೂನಿನ ಚೂರು, ಒಂದು ಬಾಟಲಿ ಸ್ಯಾನಿಟೈಸರ್, ಕುದಿಸಿ ಆರಿಸಿದ ನೀರು ತುಂಬಿದ ನಾನು. ಅವಳಿಗೆ ಕಷ್ಟವಾಗಲಿದ್ದ ವಿಷಯ ಬೇರೆಯೇ ಇತ್ತು. ಅದು ಅವಳಿಗೂ ಆಗ ಗೊತ್ತಿರಲಿಲ್ಲ.

ಹುಬ್ಬಳ್ಳಿಯ ವಿಮಾನ ನಿಲ್ದಾಣದಲ್ಲಿ ಚೀಲಗಳನ್ನು ಯಂತ್ರದೊಳಗೆ ಕಳಿಸಿದರು. ಪರದೆಯಲ್ಲಿ ನನ್ನನ್ನು ನೋಡಿದ ಭದ್ರತೆಯ ಹುಡುಗಿ ಹುಬ್ಬು ಗಂಟಿಕ್ಕಿ, ನನ್ನನ್ನು ಹೊರಗೆ ತೆಗೆದು, ಎಡಕ್ಕೆ ತಿರುಗಿಸಿದಳು. ನಾನು ಬಿಗಿದುಕೊಂಡೆ. ಇನ್ನೂ ಜೋರಾಗಿ ತಿರುಗಿಸಿದಳು. ಇನ್ನೂ ಬಿಗಿದುಕೊಂಡೆ. ಇನ್ನೊಬ್ಬನನ್ನು ಕರೆದಳು. ಅವನ ತೋಳು ನನ್ನ ಮೂರರಷ್ಟಿತ್ತು. ಅವನೂ ಎಡಕ್ಕೇ ತಿರುಗಿಸಿದ.

"ಇಸ್‌ಮೇ ಕ್ಯಾ ಹೈ?" ಎಂದು ಒಳಗೇನಿದೆಯೆಂದು ಕೇಳಿದ.

ಹಿಂದೆ ಸಾಲು ಬೆಳೆಯುತ್ತಿತ್ತು. ನೆಲದ ಮೇಲೆ ದೂರದೂರ ಬರೆದಿದ್ದ ಹಳದಿ ಗುರುತುಗಳನ್ನು ಮರೆತು ಜನ ಒಬ್ಬರಿಗೊಬ್ಬರು ಒತ್ತಿಕೊಂಡು ಬರತೊಡಗಿದರು. ಯಾರೋ ಸೀನಿದರು. ದಾನಮ್ಮ ಗೋಡೆಗೆ ಸರಿದಳು. ಹಿಂದಿ ಬಾಯಿಗೆ ಬರಲಿಲ್ಲ. ನನ್ನಿಂದಾಗಿಯೇ ಅವಳಿಗೆ ಆಪತ್ತು ಬಂತಲ್ಲ ಎಂದು ನನಗೆ ಆ ಕ್ಷಣ ಅನಿಸಿತು. ಎಡಗೈಯ ತುಕಾರಾಮನನ್ನು ಎಂದೂ ಬೈಯದ ನಾನು ಆಗ ಬೈದೆ.

ಆಗ ಸಾಲಿನಿಂದ ಒಂದು ಗಟ್ಟಿ ಗಂಟಲು ಕೇಳಿತು. "ಹಿಂದ ಸರೀರಿ. ಏ ಚಷ್ಮಾದವ್ರ, ನಿಮಗ ಹೇಳಿದ್ದು. ಒಬ್ಬರ ಮ್ಯಾಲ ಒಬ್ಬರು ಬೀಳಾಕ ಇದೇನ ನವಲಗುಂದದ ಬಸ್ಸೇನ್ರಿ?"

ಬಿಳಿ ಗಡ್ಡ, ತಲೆಗೆ ಟೊಪ್ಪಿಗೆ, ಮುಖಕ್ಕೆ ಮಾಸ್ಕು, ಅದರ ಮೇಲೆ ಪಾರದರ್ಶಕ ಗುರಾಣಿ. ಜನ ಸರಿದರು. ಕೆಲವರು ನಕ್ಕರು ಕೂಡ. ಮುದುಕ ದಾನಮ್ಮನ ಕಡೆ ನೋಡಿ, "ಏನಂತ ಹೇಳಬೇಕು ಹೇಳವಾ, ನಾ ಹೇಳ್ತೀನಿ," ಎಂದ.

"ಬಲಕ್ಕ ತಿರುಗಸ್ರಿ ಅಂತ ಹೇಳ್ರಿ. ಅದು ಉಲ್ಟಾ ಐತಿ. ಒಳಗ ನೀರ ಐತಿ, ಅಷ್ಟ."

ಅವನು ತನ್ನ ಹಿಂದಿಯಲ್ಲಿ ಹೇಳಿದ. ಹುಡುಗಿ ಬಲಕ್ಕೆ ತಿರುಗಿಸಿದಳು. ನಾನು ಸಲೀಸಾಗಿ ತೆರೆದುಕೊಂಡೆ. ಅವಳ ಕಣ್ಣಲ್ಲಿ ನಗು ಬಂತು. ಆದರೂ ನಿಯಮ ನಿಯಮವೇ. ಒಂದು ಗುಟುಕು ಕುಡಿದು ತೋರಿಸಬೇಕು. ದಾನಮ್ಮ ಸುತ್ತಲಿನ ಜನರನ್ನು ನೋಡಿದಳು. ಮಾಸ್ಕು ತೆಗೆಯಬೇಕಲ್ಲ. ಹುಡುಗಿ ಅವಳ ಕಣ್ಣು ಹೋದ ಕಡೆಯನ್ನೇ ನೋಡಿ, ಹಗ್ಗ ಕಟ್ಟಿದ್ದ ಖಾಲಿ ಮೂಲೆಯೊಂದನ್ನು ತೆರೆದುಕೊಟ್ಟಳು. ದಾನಮ್ಮ ಅಲ್ಲಿ ಗೋಡೆಯ ಕಡೆ ತಿರುಗಿ, ಉಸಿರು ಹಿಡಿದು, ಮಾಸ್ಕು ಇಳಿಸಿ, ನನ್ನನ್ನು ಎತ್ತಿ, ಒಂದು ಧಾರೆ ನುಂಗಿ, ಮಾಸ್ಕು ಏರಿಸಿದಳು. ಮೂರು ಸೆಕೆಂಡು. ದಪ್ಪ ತೋಳಿನವನು ತಲೆಯಾಡಿಸಿದ.

ಆ ಮುದುಕನ ಹೆಸರು ಮಕ್ತುಮಸಾಬ. ನವಲಗುಂದದವನು, ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದು ನಿವೃತ್ತನಾದವನು. ಮಗಳು ಅಹಮದಾಬಾದಿನಲ್ಲಿದ್ದಳು, ಬಾಣಂತಿ. ಅವನೂ ಬೆಂಗಳೂರಿನಲ್ಲಿ ವಿಮಾನ ಬದಲಿಸಿ ಅಲ್ಲಿಗೇ ಹೋಗುವವನು.

"ಮೂವತ್ತೊಂದ ವರ್ಷ ಒಳಗ ಸರೀರಿ ಒಳಗ ಸರೀರಿ ಅಂತ ಒದರೀನಿ," ಎಂದ, ಒಂದು ಕುರ್ಚಿ ಬಿಟ್ಟು ಕೂರುತ್ತ. "ದೂರ ಸರೀರಿ ಅನ್ನೂ ಕಾಲನೂ ಬಂತು ನೋಡವಾ."

ಆಮೇಲೆ ಅವನು ಮಾಡಿದ ಕೆಲಸ ನಮ್ಮ ಕಡೆಯ ಯಾರೇ ಆದರೂ ಮಾಡುವಂಥದ್ದು. ಬಟ್ಟೆಯ ಗಂಟು ಬಿಚ್ಚಿ, ಸ್ಟೀಲಿನ ಬುತ್ತಿ ಡಬ್ಬಿ ತೆಗೆದು, "ಬಾ ತಂಗಿ, ರೊಟ್ಟಿ ತಿನ್ನೂಣು. ಬದನಿಕಾಯಿ ಎಣಗಾಯಿ ಐತಿ. ನಮ್ಮಾಕಿ ಕೈ ಅಂದ್ರ ಕೈ," ಎಂದ.

ನಾನು ಚೀಲದ ಬಾಯಿಂದ ದಾನಮ್ಮನ ಮುಖ ನೋಡಿದೆ. ಅವಳ ಐವತ್ತನಾಲ್ಕು ವರ್ಷದ ಬಾಳಿನಲ್ಲಿ, ಯಾರಾದರೂ ಬುತ್ತಿ ಬಿಚ್ಚಿ ಬಾ ಎಂದಾಗ ಒಲ್ಲೆ ಎಂದದ್ದು ನಾನು ನೋಡಿರಲಿಲ್ಲ. ಒಂದು ತುತ್ತಾದರೂ ಮುರಿಯದಿದ್ದರೆ ಕೊಟ್ಟವರ ಮನಸ್ಸು ನೋಯುತ್ತದೆ ಎಂದು ಬೆಳೆದವಳು ಅವಳು. ಸಾಲು, ಸೀನು, ಯಂತ್ರ ಎಲ್ಲ ದಾಟಿ ಬಂದವಳಿಗೆ ಆ ಡಬ್ಬಿಯನ್ನು ದಾಟುವುದು ಕಷ್ಟವಾಯಿತು.

"ಬ್ಯಾಡ್ರೀ ಕಾಕಾರ," ಎಂದಳು ಸಣ್ಣಗೆ.

ಮಕ್ತುಮಸಾಬನ ಕೈ ನಿಂತಿತು. "ಯಾಕವಾ? ನಮ್ಮ ಮನೀದು ನಡಿಯೂದಿಲ್ಲೇನು?" ಎಂದ. ದನಿಯಲ್ಲಿ ಚೇಷ್ಟೆ ಇತ್ತು. ಚೇಷ್ಟೆಯ ಕೆಳಗೆ ಹಳೆಯ ನೋವೊಂದೂ ಇತ್ತು.

"ಹಂಗಲ್ರೀ." ದಾನಮ್ಮ ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು. ತಮ್ಮ, ನಾಲ್ಕು ವರ್ಷ, ಕಟ್ಟಿಹೋಗುತ್ತಿರುವ ನರಗಳು, ಏಳು ದಿನ, ಎರಡು ಪರೀಕ್ಷೆ. "ಅಲ್ಲಿ ಹೋಗಿ ಮುಟ್ಟೂ ತನಕಾ ನಾ ಜನರ ನಡಕ ಮಾಸ್ಕ ಇಳಿಸಿ ಕೂಡೂ ಹಂಗಿಲ್ಲರಿ. ನನ್ನ ಹೊಟ್ಯಾಗಿಂದು ನಂದಲ್ಲ ಈಗ, ಅವಂದು."

ಮಕ್ತುಮಸಾಬ ಡಬ್ಬಿ ಮುಚ್ಚಿ, ಬಟ್ಟೆಯ ಗಂಟು ಮತ್ತೆ ಬಿಗಿದ.

"ನೀವರ ತಿನ್ರಿ ಕಾಕಾರ."

"ಬಾಯಿ ತೆಗದು ನಿನ್ನ ಮಗ್ಗಲಕ ಕೂತು ತಿನ್ನಲೇನು? ರಂಜಾನದಾಗ ರೋಜಾ ಹಿಡದಾಂವಗ ಒಂದ ಹೊತ್ತಿನ ಊಟ ಏನ ದೊಡ್ಡದು. ಬುತ್ತಿ ಎಲ್ಲಿ ಹೋಗತೈತಿ? ಈ ಬುತ್ತಿ ನಿಂದ ಬಾಕಿ ಇರಲಿ."

ಬೆಂಗಳೂರಿನಲ್ಲಿ ಮೂರು ಗಂಟೆ ಕಾಯಬೇಕಿತ್ತು. ಅಷ್ಟು ದೊಡ್ಡ ಮನೆಯನ್ನು ನಾನು ಕಂಡಿರಲಿಲ್ಲ. ಹೊಳೆಯುವ ನೆಲ, ಮುಚ್ಚಿದ ಅಂಗಡಿಗಳು, ಒಂದು ಬಿಟ್ಟು ಒಂದಕ್ಕೆ ಅಡ್ಡಪಟ್ಟಿ ಬಳಿದ ಕುರ್ಚಿಗಳು. ಕೆಲವರು ಮಳೆಯಂಗಿಯಂಥ ಬಿಳಿ ನಿಲುವಂಗಿ ತೊಟ್ಟು ನಡೆಯುತ್ತಿದ್ದರು. ದಾನಮ್ಮ ಜನವಿಲ್ಲದ ಒಂದು ಕಂಬದ ಬುಡ ಹುಡುಕಿ ಕೂತಳು. ಎರಡು ಸಲ ಎದ್ದು ಸಾಬೂನಿನಲ್ಲಿ ಕೈ ತೊಳೆದು ಬಂದಳು. ತೊಳೆದ ಕೈಯನ್ನು ಎಲ್ಲಿಗೂ ತಾಗಿಸದೆ, ಮಡಿಯುಟ್ಟವರಂತೆ ಎದೆಯ ಮುಂದೆ ಹಿಡಿದುಕೊಂಡು ಬಂದದ್ದು ನೋಡಿ ನೆಲ ಒರೆಸುವ ಹೆಂಗಸು ಮಾಸ್ಕಿನೊಳಗೇ ನಕ್ಕು, ಅವಳ ಕುರ್ಚಿಯ ಕೈಗಳನ್ನು ಇನ್ನೊಮ್ಮೆ ಔಷಧದ ನೀರಿನಿಂದ ಒರೆಸಿಕೊಟ್ಟು ಹೋದಳು. ಅದು ಅವಳ ಪಾಲಿನ ಕೆಲಸವಾಗಿರಲಿಲ್ಲ.

ಮಕ್ತುಮಸಾಬ ದೂರದ ಕಂಬದ ಬಳಿ ಕೂತಿದ್ದವನು ಎದ್ದು ನೀರಿನ ನಲ್ಲಿಯ ಕಡೆ ಹೋದ. ನಲ್ಲಿಗೆ ಪ್ಲಾಸ್ಟಿಕ್ ಸುತ್ತಿದ್ದರು. ಅವನ ಬಾಟಲಿ ಹುಬ್ಬಳ್ಳಿಯ ಕುರ್ಚಿಯ ಮೇಲೆಯೇ ಉಳಿದಿತ್ತು. ಕೈಯಲ್ಲಿ ಸಕ್ಕರೆ ಕಾಯಿಲೆಯ ಗುಳಿಗೆ ಹಿಡಿದು ಸುತ್ತ ನೋಡುತ್ತಿದ್ದ.

ಇಷ್ಟು ಹೊತ್ತು ಯಾರಿಂದಲೂ ಏನೂ ತೆಗೆದುಕೊಳ್ಳದೆ ಕೂತಿದ್ದವಳು ಈಗ ಎದ್ದು ನಿಂತಳು. ಬುತ್ತಿ ಬೇಡವೆನ್ನಬಹುದು. ಬಾಯಾರಿದವನಿಗೆ ನೀರು ಇಲ್ಲ ಎನ್ನುವುದು ಹೇಗೆ? "ಕಾಕಾರ, ಬರ್ರಿ. ಬೊಗಸಿ ಹಿಡೀರಿ."

ಇಬ್ಬರೂ ಕೈಗೆ ಸ್ಯಾನಿಟೈಸರ್ ಹಚ್ಚಿ ಒಣಗಿಸಿಕೊಂಡು, ಆಮೇಲೆ ಕೈತೊಳೆಯುವ ಜಾಗಕ್ಕೆ ಹೋಗಿ ನೀರಿನಿಂದಲೂ ತೊಳೆದು ಬಂದರು. ದಾನಮ್ಮ ನನ್ನನ್ನು ತೋಳು ಚಾಚಿ ಹಿಡಿದಳು. ಅವನು ಮುಖದ ಗುರಾಣಿ ಎತ್ತಿ, ಮಾಸ್ಕು ಇಳಿಸಿ, ಗುಳಿಗೆ ಬಾಯಿಗೆ ಹಾಕಿ, ಬೊಗಸೆ ಒಡ್ಡಿದ. ನಾನು ಧಾರೆಯಾದೆ. ಎತ್ತರದಿಂದ ಸುರಿದ ನೀರಿನ ಕೆಟ್ಟ ನೆನಪು ನನಗಿತ್ತಲ್ಲ, ಆ ಹಳೆಯ ನಿಲ್ದಾಣದ್ದು. ಅದು ಒಬ್ಬರನ್ನು ಕೆಳಗಿಡಲು ಕಾಯ್ದ ದೂರ. ಇದು ಒಬ್ಬರನ್ನು ಉಳಿಸಿಕೊಳ್ಳಲು ಕಾಯ್ದ ದೂರ.

ಅವನು ಮುಖ ಮುಚ್ಚಿಕೊಂಡು ಹಿಂದೆ ಸರಿದ ಮೇಲೆ, ದಾನಮ್ಮ ನನ್ನನ್ನು ಕುರ್ಚಿಯ ಮೇಲಿಟ್ಟು, "ಈಗ ನೀವು ನನಗ ಹಾಕ್ರಿ," ಎಂದಳು. ಅವಳ ಆಯಿ, ಅಜ್ಜಿ ಈರವ್ವ, ಹಾಗೆ ಎಂದದ್ದನ್ನು ಅವಳು ಕೇಳಿರಲಿಲ್ಲ, ಆಗ ಅವಳಿನ್ನೂ ಹುಟ್ಟಿಯೇ ಇರಲಿಲ್ಲ. ಅದು ರಕ್ತದಲ್ಲಿ ಬಂದದ್ದಿರಬೇಕು. ಮಕ್ತುಮಸಾಬ ನನ್ನನ್ನು ಎತ್ತಿಕೊಂಡು, ಬಲಕ್ಕೆ ತಿರುಗಿಸಿ, ತೋಳು ಚಾಚಿ, ಟಿಕೆಟ್ ಹರಿದುಕೊಡುವವನ ನಿಖರತೆಯಿಂದ ಅವಳ ಬೊಗಸೆಗೆ ನೀರು ಬಿಟ್ಟ. ಅವಳು ಮತ್ತೆ ಉಸಿರು ಹಿಡಿದು, ಮೂರೇ ಸೆಕೆಂಡಿನಲ್ಲಿ ಕುಡಿದು ಮಾಸ್ಕು ಏರಿಸಿದಳು.

ಅಹಮದಾಬಾದಿನ ವಿಮಾನದಲ್ಲಿ ದಾನಮ್ಮನದು ಓಡಾಡುವ ದಾರಿಯ ಪಕ್ಕದ ಸೀಟು. ಮಕ್ತುಮಸಾಬನದು ಕಿಟಕಿಯದು, ಎರಡು ಸಾಲು ಹಿಂದೆ. ಅವನು ಗಗನಸಖಿಯನ್ನು ಕೇಳಿ ಸೀಟು ಬದಲಿಸಿಕೊಟ್ಟ. "ಕಿಟಕಿ ಕಡೆ ಕೂತ್ರ ಹೋಗೋರ ಬರೋರ ಕೆಮ್ಮ ನಿನಗ ತಾಗೂದಿಲ್ಲ ತಂಗಿ. ಕಂಡಕ್ಟರಗ ನಿಂತ ನಿಂತ ರೂಢಿ ಐತಿ, ನನಗ ಎಲ್ಲಾದರೂ ನಡೀತೈತಿ."

ಪ್ರಯಾಣವಿಡೀ ಅವಳು ಮಾಸ್ಕು ಮುಟ್ಟಲಿಲ್ಲ. ಮೇಲೊಂದು ಗುರಾಣಿ, ಮೈಗೆ ಸ್ವೆಟರ್, ಮೇಲೆ ಶಾಲು. ಕಿಟಕಿಯ ಪರದೆ ಎಳೆಯಬಹುದೆಂದು ಅವಳಿಗೆ ಗೊತ್ತಿರಲಿಲ್ಲ. ಎರಡು ಗಂಟೆಗಳ ಕಾಲ ಮಧ್ಯಾಹ್ನದ ಬಿಸಿಲು ನೇರವಾಗಿ ಅವಳ ಹಣೆಗೆ ಹೊಡೆಯಿತು.

ಅಹಮದಾಬಾದಿನಲ್ಲಿ ಇಳಿದು ಹೊರಗೆ ಬರುವ ದಾರಿಯಲ್ಲಿ ಒಬ್ಬ ನರ್ಸಮ್ಮ ಎಲ್ಲರ ಹಣೆಗೆ ಪಿಸ್ತೂಲಿನಂಥ ಯಂತ್ರ ಹಿಡಿಯುತ್ತಿದ್ದಳು. ದಾನಮ್ಮನ ಸರದಿ ಬಂತು. ಯಂತ್ರ ಕೆಂಪಾಗಿ ಕೂಗಿತು. ನೂರು ಪಾಯಿಂಟ್ ನಾಲ್ಕು.

ನರ್ಸಮ್ಮ ಕೈಯಿಂದ ಪಕ್ಕದ ಬೆಂಚು ತೋರಿಸಿದಳು. ಇಪ್ಪತ್ತು ನಿಮಿಷ ಕೂರಬೇಕು, ಮತ್ತೆ ನೋಡುತ್ತಾರೆ. ಮತ್ತೂ ಹಾಗೇ ಬಂದರೆ ಸರಕಾರಿ ಆಸ್ಪತ್ರೆಯ ಬೇರೆ ವಾರ್ಡಿಗೆ. ಅಲ್ಲಿಗೆ ಹೋದರೆ ಆಪರೇಷನ್ನಿನ ದಿನ ಹೋದ ಹಾಗೆಯೇ.

ದಾನಮ್ಮ ಕೂತಳು. ನಾನಿದ್ದ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಮಕ್ತುಮಸಾಬ ಅವಳನ್ನು ಬಿಟ್ಟು ಹೋಗಲಿಲ್ಲ. ಅಡ್ಡಪಟ್ಟಿಯ ಆಚೆ ನಿಂತಿದ್ದ. ಸ್ವಲ್ಪ ಹೊತ್ತಿಗೆ ಅವನಿಗೆ ಹೊಳೆಯಿತು.

"ಬಿಸಲು. ನಾ ಕೊಟ್ಟ ಕಿಟಕಿ ಸೀಟಿನ ಬಿಸಲು. ನನ್ನ ಬುದ್ಧಿಗೆ ಏನ ಹೇಳಬೇಕು," ಎಂದ. ಆಮೇಲೆ ದನಿ ತಗ್ಗಿಸಿ, "ತಂಗಿ, ಆ ತಂಬಗಿ ತಣ್ಣಗ ಐತಿ. ಹಣಿಗೆ ಒತ್ತಿ ಹಿಡಕೊ. ಯಾರೂ ನೋಡವಲ್ಲರು. ಯಂತ್ರ ಸುಮ್ಮನಾಗತೈತಿ," ಎಂದ.

ಅವಳು ನನ್ನನ್ನು ಹೊರತೆಗೆದಳು. ನಾನು ತಣ್ಣಗಿದ್ದೆ, ಹಿತ್ತಾಳೆ ತಣ್ಣಗೇ ಇರುತ್ತದೆ. ಅವಳ ಹಣೆಯ ಹತ್ತಿರದವರೆಗೆ ಹೋದೆ. ಕುಂಕುಮದ ಗಾತ್ರದ ದೂರ ಉಳಿದಿತ್ತು. ಅವಳ ಕೈ ಅಲ್ಲಿಯೇ ನಿಂತಿತು. ನನ್ನ ಹೊಳಪಿನಲ್ಲಿ ಅವಳು ತನ್ನ ಕಣ್ಣನ್ನು ತಾನೇ ನೋಡಿಕೊಂಡಳು. ಆಮೇಲೆ ನನ್ನನ್ನು ಮೆಲ್ಲಗೆ ಇಳಿಸಿ, ಬೆಂಚಿನ ಆ ತುದಿಗೆ, ಕೈಗೆಟುಕದಷ್ಟು ದೂರ ಇಟ್ಟಳು.

"ಬ್ಯಾಡ್ರೀ ಕಾಕಾರ. ಬಿಸಲಿಂದಾದ್ರ ತಾನ ಇಳೀತೈತಿ. ಜ್ವರದ್ದಾದ್ರ, ಅದನ್ನ ಮುಚ್ಚಿಟಗೊಂಡು ಹೋಗಿ ತಮ್ಮಗ ಕೊಡಲೇನು?"

ಮಕ್ತುಮಸಾಬ ತಲೆ ತಗ್ಗಿಸಿದ. ಅವಳು ಶಾಲು ತೆಗೆದಳು. ಸ್ವೆಟರ್ ತೆಗೆದು ಮಡಚಿದಳು. ಬೆನ್ನು ನೇರ ಮಾಡಿ, ಕೈ ಮಡಿಲಲ್ಲಿಟ್ಟು ಕೂತಳು. ನನ್ನ ಬಾಳಿನಲ್ಲಿ ನಲವತ್ತು ವರ್ಷ ಮಗ್ಗದ ಪಕ್ಕದಲ್ಲಿ ಕಳೆದದ್ದಿದೆ. ಆ ಇಪ್ಪತ್ತು ನಿಮಿಷ ಅದಕ್ಕಿಂತ ಉದ್ದವಾಗಿತ್ತು.

ನರ್ಸಮ್ಮ ಬಂದಳು. ಯಂತ್ರ ಹಿಡಿದಳು. ಹಸಿರು. ತೊಂಬತ್ತೆಂಟು ಪಾಯಿಂಟ್ ಒಂದು. ಖಚಿತಕ್ಕೆಂದು ಮತ್ತೊಮ್ಮೆ ಹಿಡಿದಳು. ಅದೇ. ನರ್ಸಮ್ಮ ಆ ಅಂಕಿಯನ್ನು ದಾನಮ್ಮನಿಗೂ ಕಾಣುವಂತೆ ಯಂತ್ರ ತಿರುಗಿಸಿ ತೋರಿಸಿದಳು. ಅಷ್ಟು ಮಾಡಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅಡ್ಡಪಟ್ಟಿಯ ಆಚೆಯಿಂದ ಮಕ್ತುಮಸಾಬ ತನ್ನ ಹಳೆಯ ರೂಢಿಯಂತೆ ಎರಡು ಸಲ ಸೀಟಿ ಹೊಡೆದ. ಬಸ್ಸು ಹೊರಡಬಹುದು ಎಂದು ಅದರ ಅರ್ಥ.

ಆಸ್ಪತ್ರೆಯ ಹತ್ತಿರದ ಬಾಡಿಗೆ ಕೋಣೆಯಲ್ಲಿ ಏಳು ದಿನ ನಾನೂ ಅವಳೂ ಇಬ್ಬರೇ. ರುದ್ರಪ್ಪನ ಹೆಂಡತಿ ಸರೋಜಾ ಬಾಗಿಲ ಹೊರಗೆ ಊಟವಿಟ್ಟು, ಬಾಗಿಲು ತಟ್ಟಿ, ಮೆಟ್ಟಿಲವರೆಗೆ ಹಿಂದೆ ಸರಿದು ನಿಲ್ಲುತ್ತಿದ್ದಳು. ಮೊದಲ ಪರೀಕ್ಷೆ ಬಂತು, ರೋಗವಿಲ್ಲ. ಎರಡನೆಯದೂ ಬಂತು, ರೋಗವಿಲ್ಲ. ಎಂಟನೆಯ ದಿನ ದಾನಮ್ಮ ಆಸ್ಪತ್ರೆಗೆ ನಡೆದುಕೊಂಡೇ ಹೋದಳು. ಹೋಗುವ ಮೊದಲು ನನ್ನನ್ನು ಸರೋಜಾಳ ಕೈಗೆ ಕೊಟ್ಟು, "ಬಲಕ್ಕ ತಿರುಗಿಸಬೇಕು. ಮರೀಬ್ಯಾಡ," ಎಂದಳು.

ಆಪರೇಷನ್ ನಾನು ನೋಡಲಿಲ್ಲ. ರುದ್ರಪ್ಪನ ಮನೆಯ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಸುದ್ದಿ ಕೇಳಿದೆ. ಅಕ್ಕ ಆರನೆಯ ದಿನ ಬಂದಳು, ಪಕ್ಕೆ ಹಿಡಿದುಕೊಂಡು, ನಗುತ್ತ. ತಮ್ಮ ಮೂರನೆಯ ವಾರ ಬಂದ. ಬಾಗಿಲಲ್ಲಿಯೇ ಅವನ ಕಣ್ಣು ನನ್ನನ್ನು ಹುಡುಕಿತು. ಮುಖದ ಊತ ಇಳಿದು, ದವಡೆಯ ಮೂಳೆ ಮತ್ತೆ ಕಾಣುತ್ತಿತ್ತು.

"ಡಾಕ್ಟರು ಏನಂದಾರು?" ಎಂದಳು ದಾನಮ್ಮ, ಗೊತ್ತಿದ್ದೂ.

"ದಿನಕ್ಕ ಮೂರ ಲೀಟರ್ ಕುಡಿ ಅಂದಾರು." ಅವನು ನನ್ನ ಮೇಲೆ ಕೈಯಿಟ್ಟ. "ಕುಡೀಲೇಬೇಕ ಅಂದಾರು ಅಕ್ಕಾ."

ಸರೋಜಾ ಕುದಿಸಿ ಆರಿಸಿದ ನೀರು ನನ್ನ ಕುತ್ತಿಗೆಯವರೆಗೆ ತುಂಬಿದಳು. ರುದ್ರಪ್ಪ ಕೈ ತೊಳೆದು ಬಂದು, ಅಂಗಳದ ಬೆಳಕಿನಲ್ಲಿ ನಿಂತು, ಕತ್ತು ಹಿಂದಕ್ಕೆ ಬಾಗಿಸಿ, ನನ್ನನ್ನು ಎತ್ತಿದ. ಗಟಗಟ ಗಟಗಟ. ನಾಲ್ಕು ವರ್ಷ ಚಮಚದ ಲೆಕ್ಕದಲ್ಲಿ ನೀರು ನುಂಗಿದವನ ಗಂಟಲಮಣಿ ಮೇಲೆ ಕೆಳಗೆ ಓಡಿತು. ನಡುವೆ ನಿಲ್ಲಿಸಲಿಲ್ಲ. ಕೊನೆಗೆ ನಾನು ಬರಿದಾದೆ. ಬರಿದಾಗುವುದರಲ್ಲಿ ಇಷ್ಟು ಸುಖವಿದೆಯೆಂದು ನನಗೆ ಗೊತ್ತಿರಲಿಲ್ಲ. ಅವನು ನನ್ನನ್ನು ಬೋರಲು ಹಿಡಿದು ತೋರಿಸಿದ. ಅಂದು ತುಕಾರಾಮ ಬೋರಲಿಟ್ಟಾಗ ಬೂದಿಯ ಮೇಲೆ ಬೀಳದಿದ್ದಂತೆಯೇ ಅಂಗಳದ ನೆಲಕ್ಕೂ ಒಂದು ಹನಿ ಬೀಳಲಿಲ್ಲ.

"ನನ್ನ ಕಿಡ್ನಿ ಅದು. ಇನ್ನ ನಾ ಹೇಳಿದ ಮಾತ ಕೇಳಬೇಕ ನೀ," ಎಂದಳು ಅಕ್ಕ.

"ಮದಲ ಏನ ಕೇಳತಿದ್ದಿಲ್ಲೇನು?" ಎಂದ ತಮ್ಮ. ಇಬ್ಬರೂ ಅತ್ತರು, ಆಮೇಲೆ ನಕ್ಕರು.

ಈಗ ನನಗೆ ವಯಸ್ಸಾಗಿದೆ. ರುದ್ರಪ್ಪನ ಅಡುಗೆಮನೆಯ ಕಿಟಕಿಯ ಬಳಿ ನನ್ನ ಜಾಗ. ಸೊಂಟದಲ್ಲಿ ಒಂದು ತಗ್ಗು, ಕುತ್ತಿಗೆಯ ಫಿರಕಿ ಸ್ವಲ್ಪ ಸವೆದಿದೆ. ಆದರೂ ದಿನಕ್ಕೆ ಮೂರು ಸಲ ತುಂಬಿ ಮೂರು ಸಲ ಬರಿದಾಗುತ್ತೇನೆ. ನನ್ನ ವಯಸ್ಸಿನ ಎಷ್ಟೋ ಪ್ರವಾಸದ ತಂಬಿಗೆಗಳು ಗುಜರಿಯಲ್ಲಿ ಕರಗಿಹೋಗಿರಬೇಕು. ನಾನು ಉಳಿದೆ. ಆ ವರ್ಷ ಅದೇ ದಾರಿಗಳಲ್ಲಿ ಹೋಗಿ ಬರಲಾಗದ ಎಷ್ಟೋ ಜನರಿದ್ದಾರೆ. ಆದ್ದರಿಂದ ನನ್ನ ಗೆಲುವನ್ನು ನಾನು ಜಂಬದಿಂದ ಹೇಳುವುದಿಲ್ಲ. ದಾನಮ್ಮ ಒಬ್ಬಳೇ ಗೆದ್ದದ್ದೂ ಅಲ್ಲ. ಹಗ್ಗ ಸರಿಸಿದ ಹುಡುಗಿ, ಕುರ್ಚಿ ಒರೆಸಿದ ಹೆಂಗಸು, ಅಂಕಿ ತಿರುಗಿಸಿ ತೋರಿಸಿದ ನರ್ಸಮ್ಮ, ಹಸಿದುಕೊಂಡೇ ಬಂದ ಒಬ್ಬ ಕಂಡಕ್ಟರ್. ಇವರೆಲ್ಲ ಸೇರಿ ಒಂದು ಲೀಟರ್ ನೀರನ್ನು ಹುಬ್ಬಳ್ಳಿಯಿಂದ ಇಲ್ಲಿಯವರೆಗೆ ಚೆಲ್ಲದೆ ತಂದರು ಎಂದು ನನಗೆ ಅನಿಸುತ್ತದೆ.

ಈ ಚಳಿಗಾಲ ದಾನಮ್ಮ ಮತ್ತೆ ಬಂದಿದ್ದಾಳೆ, ತಪಾಸಣೆಗೆಂದು. ಮುಖಕ್ಕೆ ಮಾಸ್ಕಿಲ್ಲ. ಅಂದು ಅಡ್ಡಪಟ್ಟಿಯ ಬಳಿ ಬೀಳ್ಕೊಟ್ಟ ಮೇಲೆ ಅವಳೂ ಮಕ್ತುಮಸಾಬನೂ ಭೇಟಿಯಾಗಿರಲಿಲ್ಲ. ಹೊಸ ಮೂತ್ರಪಿಂಡಕ್ಕೆ ಸೋಂಕು ತಗುಲಬಾರದೆಂದು ರುದ್ರಪ್ಪನ ಮನೆಗೆ ವರ್ಷವಿಡೀ ಹೊರಗಿನವರು ಬರುವಂತಿರಲಿಲ್ಲ. ಫೋನಿನಲ್ಲಿ ಮಾತ್ರ, ಹೇಗಿದ್ದೀಯವಾ, ಹೇಗಿದ್ದೀರಿ ಕಾಕಾ. ಅವನೂ ಈಗ ಮಗಳ ಮನೆಗೆ ಬಂದಿದ್ದಾನೆಂದು ಮೊನ್ನೆ ಫೋನಿನಲ್ಲಿ ಗೊತ್ತಾಗಿತ್ತು.

ಇವತ್ತು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ದಾನಮ್ಮ ಹೋಗಿ ತೆರೆದಳು. ಕಿಟಕಿಯಿಂದ ನನಗೆ ಬಿಳಿ ಗಡ್ಡ ಕಂಡಿತು. ಇಬ್ಬರೂ ಒಬ್ಬರ ಪೂರ್ತಿ ಮುಖವನ್ನು ಒಬ್ಬರು ಹತ್ತಿರದಿಂದ, ಅವಸರವಿಲ್ಲದೆ ಮೊದಲ ಸಲ ನೋಡುತ್ತಿದ್ದರು. ಮಕ್ತುಮಸಾಬ ಕಂಕುಳಲ್ಲಿದ್ದ ಬಟ್ಟೆಯ ಗಂಟು ತೆಗೆದು, ಇನ್ನೂ ಬೆಚ್ಚಗಿದ್ದ ಬುತ್ತಿಯ ಡಬ್ಬಿಯನ್ನು ಎರಡೂ ಕೈಯಿಂದ ಅವಳ ಕೈಯಲ್ಲಿಟ್ಟ.